ಹದಿನೈದು ವರ್ಷ ತಾಳಿದ ನನ್ನ ನೆಟ್‌ಬುಕ್: ಹೊಗಳಿಕೆ, ಬೈಗುಳ ಎರಡೂ

ಹೋದ ಭಾನುವಾರ ಮಧ್ಯಾಹ್ನ ಪಕ್ಕದ ಮನೆ ಹುಡುಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಚೀಲದೊಳಗೆ ಒಂದು ಕಪ್ಪು ನೆಟ್‌ಬುಕ್, ಅಂದರೆ ಹತ್ತಿಂಚಿನ ಪುಟ್ಟ ಅಗ್ಗದ ಲ್ಯಾಪ್‌ಟಾಪ್. ಸಾಗರದ ಪೇಟೆಯಲ್ಲಿ ಯಾರೋ 3,000 ರೂಪಾಯಿಗೆ ಕೊಡುತ್ತಾರಂತೆ. ಎರಡು ದಿನ ಇಟ್ಟುಕೊಂಡು ನೋಡು, ಬೇಡ ಅಂದರೆ ವಾಪಸ್ ತಾ ಅಂದಿದ್ದಾರಂತೆ.

"ಮಾವ, ನಿಮ್ಮ ಹತ್ರಾನೂ ಇಂಥದ್ದೇ ಇದೆಯಲ್ಲ. ತಗೊಳ್ಲಾ?"

ಇದೆ. ಈಗಲೂ ನಡೆಯುತ್ತಿದೆ. ಆದರೆ "ತಗೊಳ್ಲಾ" ಅನ್ನುವ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳೋಕೆ ನನ್ನಿಂದ ಆಗಲಿಲ್ಲ. ಚೀಲ ಇಲ್ಲೇ ಇಟ್ಟು ಹೋಗು, ನಾಳೆ ಹೇಳ್ತೀನಿ ಅಂದೆ. ಅವನಿಗೆ ಹೇಳಬೇಕು ಅಂತ ಕೂತು ಯೋಚಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಾನು ತೋಟದವನು. ಅದರ ಜೊತೆಗೆ ಒಂದು ದಿನಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತೇನೆ. ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. 2010ರ ತನಕ ನನ್ನ ವರದಿಗಾರಿಕೆ ಹೀಗಿತ್ತು: ಬಿಳಿ ಹಾಳೆ, ಬಸ್ಸು, ಸೈಬರ್ ಕೆಫೆ, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪು, ಈಮೇಲು, ಮತ್ತೆ ಬಸ್ಸು. ಎಂಟು ಸಾಲಿನ ಸುದ್ದಿಗೆ ಅರ್ಧ ದಿನ ಹೋಗುತ್ತಿತ್ತು. ಆ ವರ್ಷ ದಸರಾ ಹೊತ್ತಿಗೆ ಹಳೇ ಅಡಿಕೆ ಸ್ವಲ್ಪ ಮಾರಿ ಕೈಯಲ್ಲಿ ದುಡ್ಡಿತ್ತು. 15 ಇಂಚಿನ ಲ್ಯಾಪ್‌ಟಾಪಿಗೆ 28 ಸಾವಿರ ಹೇಳಿದರು. ಪಕ್ಕದಲ್ಲೇ ಆಟಿಕೆ ಥರ ಕೂತಿದ್ದ ನೆಟ್‌ಬುಕ್ಕಿಗೆ 16,500. ಹೆಚ್ಚು ಯೋಚಿಸಲಿಲ್ಲ.

ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನ ಇಲ್ಲ. ಆಗ ಯಾವ ಕಂಪನಿಯದ್ದು ತೆಗೆದುಕೊಂಡರೂ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಇಂಟೆಲ್ ಆಟಮ್ ಚಿಪ್, 1 ಜಿಬಿ ರ‍್ಯಾಮ್, 160 ಇಲ್ಲವೇ 250 ಜಿಬಿ ಹಾರ್ಡ್ ಡಿಸ್ಕ್, 10.1 ಇಂಚಿನ ಸ್ಕ್ರೀನ್, ವಿಂಡೋಸ್ 7 ಸ್ಟಾರ್ಟರ್ ಅನ್ನುವ ಅಗ್ಗದ ಆವೃತ್ತಿ. ಮುಚ್ಚಳದ ಬಣ್ಣ, ಬ್ಯಾಟರಿ, ಕೀಬೋರ್ಡು ಮಾತ್ರ ಬೇರೆ. ಇದು ಸುಮ್ನೆ ಆದದ್ದಲ್ಲ. ಅಗ್ಗದ ವಿಂಡೋಸ್ ಬೇಕಾದರೆ ಯಂತ್ರ ಇಷ್ಟರೊಳಗೇ ಇರಬೇಕು ಅಂತ ಮೈಕ್ರೋಸಾಫ್ಟ್ ಗೆರೆ ಎಳೆದಿತ್ತು. ರ‍್ಯಾಮ್ 1 ಜಿಬಿ ದಾಟುವ ಹಾಗಿಲ್ಲ, ಸ್ಕ್ರೀನ್ 10.2 ಇಂಚು ದಾಟುವ ಹಾಗಿಲ್ಲ. ತಮ್ಮನಿಗೆ ಹೊಲಿಸಿದ ಅಂಗಿ ಅಣ್ಣನಿಗೆ ಆಗಬಾರದು ಅನ್ನುವ ಲೆಕ್ಕ ಅಂತ ನನ್ನ ಅನುಮಾನ. ನೆಟ್‌ಬುಕ್ ಚೆನ್ನಾಗಿದ್ದುಬಿಟ್ಟರೆ ದೊಡ್ಡ ಲ್ಯಾಪ್‌ಟಾಪ್ ಯಾರು ಕೊಳ್ತಾರೆ, ಅಲ್ವಾ?

ಈ ಜಾತಿಯನ್ನು ಶುರು ಮಾಡಿದ್ದು ಏಸಸ್ ಕಂಪನಿ. 2007ರ ಕೊನೆಗೆ ‘ಈ ಪಿಸಿ 701’ ಅಂತ ತಂದರು. ‘ಈ’ ಅಂದರೆ ‘ಇದು’ ಅಂತಲ್ಲ, ಇಂಗ್ಲಿಷಿನ ಮೂರು ‘ಇ’ಗಳು. 7 ಇಂಚಿನ ಸ್ಕ್ರೀನ್, 512 ಎಂಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಬದಲು ಪೆನ್‌ಡ್ರೈವಿನಂಥ 4 ಜಿಬಿ ಫ್ಲ್ಯಾಶ್, ವಿಂಡೋಸ್ ಬದಲು ಪುಕ್ಕಟೆಯ ಲಿನಕ್ಸ್. ಅದು ಖರ್ಚಾದ ರಭಸ ನೋಡಿ ಉಳಿದವರೂ ಹಿಂದೆ ಬಿದ್ದರು. 2013 ಬರುವಷ್ಟರಲ್ಲಿ ಎಲ್ಲರೂ ಮಾಡುವುದನ್ನೇ ಬಿಟ್ಟಿದ್ದರು. ಟ್ಯಾಬ್ಲೆಟ್ ಬಂತು, ದೊಡ್ಡ ಫೋನ್ ಬಂತು. ನನ್ನ ಯಂತ್ರದ ವಂಶವೇ ಐದಾರು ವರ್ಷಕ್ಕೆ ಮುಗಿಯಿತು. ಇದೊಂದು ಉಳಿದುಕೊಂಡಿದೆ.

ಮೊದಲು ಹೊಗಳುತ್ತೇನೆ. ಇದರಲ್ಲಿ ನನಗೆ ದೇವರ ಹಾಗೆ ಕಂಡದ್ದು ಬ್ಯಾಟರಿ.

ನಮ್ಮೂರಿನಿಂದ ಲಿಂಗನಮಕ್ಕಿ ಅಣೆಕಟ್ಟು ದೂರ ಇಲ್ಲ. ಶರಾವತಿಯ ಕರೆಂಟು ನಾಡಿಗೆಲ್ಲ ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ನಮಗೆ ಎರಡು ದಿನ ಕತ್ತಲು. ಡೆಸ್ಕ್‌ಟಾಪ್ ತಂದವರು ಆಷಾಢದಲ್ಲಿ ಅದರ ಮೇಲೆ ಬಟ್ಟೆ ಮುಚ್ಚಿ ಇಡುತ್ತಿದ್ದರು. ನನ್ನ ನೆಟ್‌ಬುಕ್ ಹೊಸದರಲ್ಲಿ ಐದು ಗಂಟೆ ಬರುತ್ತಿತ್ತು. ಸ್ಕ್ರೀನ್ ಬೆಳಕು ಇಳಿಸಿ, ವೈಫೈ ಆಫ್ ಮಾಡಿದರೆ ಐದೂವರೆ.

ಇದರ ಲೆಕ್ಕ ಸುಲಭ. ಬ್ಯಾಟರಿಯಲ್ಲಿ ಆರು ಸೆಲ್ಲು, ಒಟ್ಟು ಸುಮಾರು 48 ವ್ಯಾಟ್ ಅವರ್, ಅಂದರೆ 48 ವ್ಯಾಟಿನ ಸಾಮಾನನ್ನು ಒಂದು ಗಂಟೆ ಓಡಿಸುವಷ್ಟು. ಒಳಗಿನ ಆಟಮ್ ಎನ್450 ಚಿಪ್ಪು ಜೋರಾಗಿ ಓಡಿದರೂ ಕುಡಿಯುವುದು 5.5 ವ್ಯಾಟ್. ಸ್ಕ್ರೀನು, ಡಿಸ್ಕು ಎಲ್ಲ ಸೇರಿ 9 ವ್ಯಾಟ್ ಅಂತ ಇಟ್ಟುಕೊಳ್ಳಿ. 48ನ್ನು 9ರಿಂದ ಭಾಗಿಸಿದರೆ ಐದು ಗಂಟೆ ಚಿಲ್ಲರೆ. ಚಾರ್ಜರ್ ಬರೀ 40 ವ್ಯಾಟಿನದ್ದು, ಹಳೇ ಗುಂಡು ಬಲ್ಬಿನಷ್ಟು. ಹಾಗಾಗಿ ಸೋಲಾರ್ ದೀಪಕ್ಕೆ ಅಂತ ಹಾಕಿಸಿದ್ದ ನಮ್ಮ ಪುಟ್ಟ ಇನ್ವರ್ಟರ್ ಕೂಡ ಇದನ್ನು ತಡೆದುಕೊಳ್ಳುತ್ತಿತ್ತು. ಒಂದು ಸಲ ಮೂರು ದಿನ ಕರೆಂಟಿರಲಿಲ್ಲ. ಹೊಳೆ ಉಕ್ಕಿ ಕಾಲುಸಂಕ ಕೊಚ್ಚಿಹೋದ ಸುದ್ದಿಯನ್ನು ಆಗ ಅಡುಗೆಮನೆಯ ಒಲೆ ಪಕ್ಕ ಕೂತು ಟೈಪ್ ಮಾಡಿದೆ. ಡೇಟಾ ಕಾರ್ಡಿಗೆ ಸಿಗ್ನಲ್ ಸಿಗುವುದು ಮಾತ್ರ ಗುಡ್ಡದ ಮೇಲಿನ ಹಲಸಿನ ಮರದ ಹತ್ತಿರ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನೆಟ್‌ಬುಕ್. ಒಂದೂಕಾಲು ಕೆಜಿ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. 15 ಇಂಚಿನದ್ದಾಗಿದ್ದರೆ ಎರಡೂವರೆ ಕೆಜಿ, ಜಾರಿ ತೋಡಿಗೆ ಬೀಳುತ್ತಿದ್ದೆ.

ಸುದ್ದಿಯ ಕಡತ ಕೆಲವೇ ಕೆಬಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತಿತ್ತು. ಫೋಟೋ ಮಾತ್ರ ಹಠ. ಕ್ಯಾಮೆರಾದಿಂದ ಬಂದ 2 ಎಂಬಿ ಫೋಟೋ ಕಾಲು ಗಂಟೆ ಆದರೂ ಹೋಗುತ್ತಿರಲಿಲ್ಲ. ಇರ್ಫಾನ್‌ವ್ಯೂ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಸಣ್ಣ ಮಾಡಿ ಕಳಿಸುತ್ತಿದ್ದೆ. ಅದು ಈ ಬಡ ಯಂತ್ರದಲ್ಲೂ ಚಕಚಕ ಓಡುತ್ತಿತ್ತು.

ಇನ್ನು ಬೈಗುಳ.

ಎಲ್ಲರೂ ನೆಟ್‌ಬುಕ್ ಅಂದರೆ ನಿಧಾನ ಅಂತಾರೆ. ನಿಜ, ನಿಧಾನವೇ. ಆದರೆ ನನ್ನ ಪ್ರಕಾರ ಇದರ ದೊಡ್ಡ ರೋಗ ಅದಲ್ಲ. ಒಂದನೇ ರೋಗ ಬಲಗಡೆಯ ಶಿಫ್ಟ್ ಕೀ.

ಹತ್ತಿಂಚಿನ ಅಗಲದಲ್ಲಿ ಎಲ್ಲ ಕೀಗಳನ್ನೂ ತುರುಕಬೇಕಲ್ಲ. ಅಕ್ಷರದ ಕೀಗಳನ್ನು ಪರವಾಗಿಲ್ಲ ಅನ್ನುವಷ್ಟು ದೊಡ್ಡದಾಗಿ ಬಿಟ್ಟರು. ಅದು ಒಳ್ಳೆಯದೇ, ಒತ್ತುವುದಕ್ಕೂ ಹಿತವಾಗಿದೆ. ಆ ಜಾಗವನ್ನು ಎಲ್ಲಿಂದ ಕಿತ್ತರು? ಬಲ ಶಿಫ್ಟಿನಿಂದ. ಅದನ್ನು ಕಡಲೆಬೀಜದಷ್ಟು ಮಾಡಿ, ಮೇಲಿನ ಬಾಣದ ಕೀಯ ಆಚೆ ಬದಿಗೆ ತಳ್ಳಿದರು. ಕಿರುಬೆರಳು ಅಭ್ಯಾಸಬಲದಿಂದ ಶಿಫ್ಟ್ ಇರಬೇಕಾದ ಕಡೆಗೆ ಹೋಗುತ್ತದೆ. ಅಲ್ಲಿರುವುದು ಬಾಣ.

ಇಂಗ್ಲಿಷ್ ಟೈಪ್ ಮಾಡುವವರಿಗೆ ಇದು ಸಣ್ಣ ಕಿರಿಕಿರಿ. ವಾಕ್ಯಕ್ಕೊಂದು ಸಲ ದೊಡ್ಡಕ್ಷರ ಬಂದರೆ ಬಂತು. ಕನ್ನಡದವರ ಕತೆಯೇ ಬೇರೆ. ಕಗಪ ವಿನ್ಯಾಸದಲ್ಲಿ, ಅಂದರೆ ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು. ಘ, ಛ, ಠ, ಥ, ಧ, ಭ, ಜೊತೆಗೆ ಶ. ಇವೆಲ್ಲ ಎಡಗೈಯ ಕೀಗಳು, ಹಾಗಾಗಿ ಶಿಫ್ಟ್ ಒತ್ತುವುದು ಬಲಗೈ. ಒಂದು ಸಾಲಿನಲ್ಲಿ ನಾಲ್ಕೈದು ಸಲ ಬಲ ಶಿಫ್ಟ್ ಬೇಕೇ ಬೇಕು.

ನಾನು ಟೈಪ್ ಮಾಡುವಾಗ ಸ್ಕ್ರೀನ್ ನೋಡುವುದಿಲ್ಲ, ಪಕ್ಕದಲ್ಲಿಟ್ಟ ಟಿಪ್ಪಣಿ ಪುಸ್ತಕ ನೋಡುತ್ತೇನೆ. ಕೊಂಡ ಮೊದಲ ವಾರ "ಮಂಗಳವಾರ ಗ್ರಾಮಸಭೆ ನಡೆಯಿತು" ಅಂತ ಹೊಡೆದೆ. "ಗ್ರಾಮಸ" ತನಕ ಸರಿ ಇತ್ತು. ಭಕಾರಕ್ಕೆ ಶಿಫ್ಟ್ ಅಂತ ಒತ್ತಿದ್ದು ಬಾಣವಾಯಿತು. ಕರ್ಸರ್ ಮೇಲಿನ ಸಾಲಿಗೆ ಹಾರಿತು. ಅಲ್ಲಿ "ಅಧ್ಯಕ್ಷರು" ಅಂತ ಇತ್ತು. ಉಳಿದದ್ದೆಲ್ಲ ಅದರ ಹೊಟ್ಟೆಯೊಳಗೆ ಸೇರಿಕೊಂಡಿತು. "ಅಧ್ಯಬೆ ನಡೆಯಿತುಕ್ಷರು." ಕೆಳಗಿನ ಸಾಲು "ಗ್ರಾಮಸ" ಅಂತ ಬಾಯಿ ತೆರೆದುಕೊಂಡು ನಿಂತಿತ್ತು. ನೋಡದೆ ಹಾಗೇ ಕಳಿಸಿಬಿಟ್ಟೆ. ಸಂಜೆ ಪತ್ರಿಕೆಯಿಂದ ಫೋನ್ ಬಂತು: "ಏನ್ರೀ, ಈ ಅಧ್ಯಬೆ ಅಂದ್ರೆ ನಿಮ್ಮ ಕಡೆ ಏನು ಅರ್ಥ?"

ಆಮೇಲೆ ಮೂರು ವರ್ಷ ಡೆಸ್ಕಿನವರು ನನ್ನನ್ನು ಅಧ್ಯಬೆ ಅಂತಲೇ ಕರೆದರು.

ಬೇರೆ ದಾರಿ ಇರಲಿಲ್ಲ, ಎಡಗೈ ಕಿರುಬೆರಳಿಂದ ಎಡ ಶಿಫ್ಟ್ ಹಿಡಿದು ಅದೇ ಕೈಯ ಬೇರೆ ಬೆರಳಿಂದ ಭ, ಧ ಒತ್ತುವುದು ಕಲಿತೆ. ಧ ಮಾಡುವಾಗ ಕೈ ಕಪ್ಪೆಯ ಹಾಗೆ ಆಗುತ್ತದೆ. ತಂಗಿಯ ಮಗ ಒಂದು ಸಾಫ್ಟ್‌ವೇರ್ ಹಾಕಿ ಆ ಬಾಣವನ್ನೇ ಶಿಫ್ಟ್ ಮಾಡಿಕೊಟ್ಟ. ಆಗ ಮೇಲೆ ಹೋಗೋಕೆ ಬಾಣವೇ ಇಲ್ಲ. ಅಡಿಕೆ ಧಾರಣೆಯ ಪಟ್ಟಿ ತುಂಬುವಾಗ ಒಂದೊಂದು ಸಾಲು ಮೇಲೆ ಹೋಗಲೂ ಮೌಸ್ ಹಿಡಿಯಬೇಕಾಯಿತು. ಎರಡು ದಿನಕ್ಕೆ ಬೇಸರ ಬಂದು ತೆಗೆಸಿದೆ. ಅಂಗಡಿಗೆ ಹೋದರೆ ಎಲ್ಲರೂ ಜಿಬಿ ಕೇಳುತ್ತಾರೆ, ಗಿಗಾಹರ್ಟ್ಸ್ ಕೇಳುತ್ತಾರೆ. ನಾನಂತೂ ಈಗ ಯಾವ ಲ್ಯಾಪ್‌ಟಾಪ್ ನೋಡಿದರೂ ಮೊದಲು ಬಲ ಶಿಫ್ಟ್ ಎಷ್ಟುದ್ದ ಇದೆ ಅಂತ ನೋಡುತ್ತೇನೆ.

ಎರಡನೇ ರೋಗ ಸ್ಕ್ರೀನಿನ ಎತ್ತರ. ಚುಕ್ಕಿಗಳ (ಪಿಕ್ಸೆಲ್) ಲೆಕ್ಕದಲ್ಲಿ 1024 ಅಡ್ಡ, 600 ಉದ್ದ. ಅಡ್ಡ ಸಾಕು, ಉದ್ದ ಸಾಲದು. ಮೇಲೊಂದು ಪಟ್ಟಿ, ಮೆನು, ಕೆಳಗೆ ಟಾಸ್ಕ್‌ಬಾರ್, ಇವೆಲ್ಲ ತಮ್ಮ ಪಾಲು ತಿಂದ ಮೇಲೆ ಬರೆಯುವುದಕ್ಕೆ ಉಳಿಯುವುದು ಹದಿನೈದು ಹದಿನಾರು ಸಾಲು. ಕಿಟಕಿಯಲ್ಲಿ ಅಲ್ಲ, ಅಂಚೆ ಡಬ್ಬಿಯ ಬಾಯಲ್ಲಿ ನೋಡಿದ ಹಾಗೆ.

ನಿಜವಾದ ಪೇಚಾಟ ಪ್ರಿಂಟರ್ ತಂದ ದಿನ ಆಯಿತು. ಡ್ರೈವರ್ ಹಾಕುವಾಗ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದಲ್ಲ, ಅದನ್ನು ಮಾಡಿದವರು 768 ಉದ್ದದ ಸ್ಕ್ರೀನ್ ಇದೆ ಅಂತ ನಂಬಿ ಮಾಡಿದ್ದರು. ‘ನೆಕ್ಸ್ಟ್’ ಬಟನ್ ಸ್ಕ್ರೀನಿನ ಕೆಳಗೆ, ಮೇಜಿನ ಒಳಗೆಲ್ಲೋ ಇತ್ತು. ಪೆಟ್ಟಿಗೆಯನ್ನು ಮೇಲೆ ಎಳೆದರೆ ತಲೆ ಸ್ಕ್ರೀನಿಗೆ ತಾಗಿ ನಿಲ್ಲುತ್ತದೆ. ಅರ್ಧ ಗಂಟೆ ಗುದ್ದಾಡಿದೆ. ಆಮೇಲೆ ಯಾರೋ ಹೇಳಿಕೊಟ್ಟರು: ಕಂಟ್ರೋಲ್, ಆಲ್ಟ್, ಬಲ ಬಾಣ ಮೂರನ್ನೂ ಒಟ್ಟಿಗೆ ಒತ್ತು. ಒತ್ತಿದೆ. ಇಡೀ ಸ್ಕ್ರೀನ್ ಮಗ್ಗುಲಿಗೆ ತಿರುಗಿ ಮಲಗಿತು. ಈಗ ಅಡ್ಡ 600, ಉದ್ದ 1024. ನೆಟ್‌ಬುಕ್ಕನ್ನು ಪುಸ್ತಕದ ಹಾಗೆ ನಿಲ್ಲಿಸಿ ಹಿಡಿದುಕೊಂಡರೆ ‘ನೆಕ್ಸ್ಟ್’ ಕಾಣುತ್ತದೆ. ಆದರೆ ಮೌಸ್ ಬಲಕ್ಕೆ ಎಳೆದರೆ ಮೇಲೆ ಹೋಗುತ್ತದೆ, ಮೇಲೆ ಎಳೆದರೆ ಎಡಕ್ಕೆ ಹೋಗುತ್ತದೆ. ನಾನು ಕತ್ತು ಓರೆ ಮಾಡಿಕೊಂಡು ಅದನ್ನು ಬೆನ್ನಟ್ಟುವುದನ್ನು ನೋಡಿ ನನ್ನವಳು ಕಾಫಿ ಲೋಟ ಹಿಡಿದು ಹಾಗೇ ನಿಂತಿದ್ದಳು. ಏನೂ ಕೇಳಲಿಲ್ಲ.

ಆದರೆ ಈ ಪೇಚಾಟದಿಂದ ಒಂದು ಲಾಭ ಆಯಿತು. ಪಿಡಿಎಫ್ ಓದೋಕೆ ಈ ಮಗ್ಗುಲು ಬಹಳ ಚೆನ್ನ. ಒಂದು ಪುಟ ಪೂರ್ತಿ ಕಾಣುತ್ತದೆ. ಪತ್ರಿಕೆಯ ಪುಟವನ್ನು ಹಾಗೆ ಓದುವ ಅಭ್ಯಾಸ ಈಗಲೂ ಬಿಟ್ಟಿಲ್ಲ. ಕೀಬೋರ್ಡ್ ಕಡೆ ಎಡಗೈಲಿ ಹಿಡಿದರೆ ಗಟ್ಟಿ ರಟ್ಟಿನ ಪುಸ್ತಕ ಹಿಡಿದ ಹಾಗೇ ಇರುತ್ತದೆ.

ಈ 600ರ ಶಾಪ ಕೊನೆತನಕ ಬಿಡಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಅದರ ಹೊಸ ನಮೂನೆಯ ಆ್ಯಪ್‌ಗಳಿಗೆ ಕಡಿಮೆ ಅಂದರೂ 1024ಕ್ಕೆ 768 ಬೇಕು ಅಂದರು. ನಮ್ಮದರಲ್ಲಿ ತೆರೆಯುವುದೇ ಇಲ್ಲ. ಚಿಪ್ಪು ಓಡಿದರೂ, ರ‍್ಯಾಮ್ ಹಾಕಿಸಿದರೂ, ಸ್ಕ್ರೀನಿಗೆ ಎರಡಿಂಚು ಜೋಡಿಸೋಕೆ ಆಗುತ್ತಾ?

ಸ್ಕ್ರೀನ್ ಮಿರಮಿರ ಮಿಂಚುತ್ತದೆ ಅನ್ನುವುದೂ ಒಂದು ದೂರು. ಅಂಗಡಿಯಲ್ಲಿ ಚಂದ ಕಂಡಿತ್ತು. ಜಗಲಿಯಲ್ಲಿ ಕೂತರೆ ಸುದ್ದಿ ಕಾಣುವುದಿಲ್ಲ, ನನ್ನ ಮುಖ ಮತ್ತು ಹಿಂದಿನ ಅಡಿಕೆ ಮರ ಕಾಣುತ್ತದೆ.

ವಿಂಡೋಸ್ 7 ಸ್ಟಾರ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಒಂದು ಮಾತು. ಮಗಳು ಆಗ ಮೂರನೇ ಕ್ಲಾಸು. ನಮ್ಮ ನಾಯಿಯ ಫೋಟೋ ಸ್ಕ್ರೀನಿಗೆ ಹಾಕಿಕೊಡಪ್ಪಾ ಅಂದಳು. ಎಲ್ಲ ಕಡೆ ಹುಡುಕಿದೆ. ಸ್ಟಾರ್ಟರಿನಲ್ಲಿ ವಾಲ್‌ಪೇಪರ್ ಬದಲಿಸುವ ಸೌಲಭ್ಯವನ್ನೇ ಇಟ್ಟಿಲ್ಲ! ದುಡ್ಡು ಕೊಟ್ಟು ಮೇಲಿನ ಆವೃತ್ತಿ ತಗೋ ಅಂತ. 16,500 ಕೊಟ್ಟ ಯಂತ್ರದಲ್ಲಿ ನಾಯಿ ಫೋಟೋ ಹಾಕೋಕೆ ಬರಲ್ಲ ಅಂತ ಎಂಟು ವರ್ಷದ ಮಗುವಿಗೆ ಹೇಗೆ ಹೇಳುವುದು? ಒಂದೇ ಸಲಕ್ಕೆ ಮೂರಕ್ಕಿಂತ ಜಾಸ್ತಿ ಪ್ರೋಗ್ರಾಂ ತೆರೆಯೋಕೆ ಬಿಡಬಾರದು ಅಂತಲೂ ಮೊದಲು ಯೋಚಿಸಿದ್ದರಂತೆ. ಬಿಡುಗಡೆಗೆ ಮೊದಲು ಅದನ್ನು ಕೈಬಿಟ್ಟರು. ಪುಣ್ಯ.

ವಿಡಿಯೋ ವಿಷಯ. ಯಕ್ಷಗಾನದ ವಿಡಿಯೋವನ್ನು ಯೂಟ್ಯೂಬಿನಲ್ಲಿ ಹಾಕಿದರೆ ಭಾಗವತರ ಪದ ಮುಂದೆ ಹೋಗಿರುತ್ತದೆ, ವೇಷದ ಕುಣಿತ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ. ಒಳಗಿನ ಗ್ರಾಫಿಕ್ಸಿಗೆ ಎಚ್‌ಡಿ ವಿಡಿಯೋ ಬಿಡಿಸುವ ತಾಕತ್ತಿಲ್ಲ, ಎಲ್ಲ ಭಾರ ಚಿಪ್ಪಿನ ಮೇಲೆ. 360ರ ಗುಣಮಟ್ಟದಲ್ಲಿ ಇಳಿಸಿಕೊಂಡು ವಿಎಲ್‌ಸಿ ಪ್ಲೇಯರಿನಲ್ಲಿ ನೋಡಿದರೆ ಸರಿ. ಒಂದು ಗಂಟೆಯ ಪ್ರಸಂಗ ನೋಡಬೇಕು ಅಂದರೆ ಹಿಂದಿನ ರಾತ್ರಿಯೇ ಡೌನ್‌ಲೋಡಿಗೆ ಹಚ್ಚಿ ಮಲಗಬೇಕಿತ್ತು. ಇದು ಸಿನಿಮಾ ನೋಡುವ ಯಂತ್ರ ಅಲ್ಲ, ಅಷ್ಟೇ.

ಮುಂದೆ ನಾನು ಇದಕ್ಕೆ ಹಾಕಿದ ಖರ್ಚು ಹೇಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಅದೇ ಮುಖ್ಯ.

ಕೊಂಡ ಮರುವರ್ಷ ಬೆಂಗಳೂರಿಗೆ ಮದುವೆಗೆ ಹೋದಾಗ ಕಂಪ್ಯೂಟರ್ ಬಿಡಿಭಾಗದ ಪೇಟೆ ಎಸ್.ಪಿ. ರೋಡಿನಲ್ಲಿ 2 ಜಿಬಿ ರ‍್ಯಾಮ್ ಹಾಕಿಸಿದೆ. ಒಂದೇ ಸ್ಲಾಟ್, ಹಾಗಾಗಿ ಇದ್ದ 1 ಜಿಬಿ ತೆಗೆದು ಹೊಸದು ಹಾಕಬೇಕು. ಹಳೆಯದು ಈಗಲೂ ದೇವರ ಮನೆ ಡ್ರಾಯರಿನಲ್ಲಿದೆ, ಯಾಕೆ ಅಂತ ಕೇಳಬೇಡಿ. 2 ಜಿಬಿಗಿಂತ ಜಾಸ್ತಿ ಈ ಚಿಪ್ಪಿಗೆ ಹಿಡಿಸುವುದಿಲ್ಲ. ಖರ್ಚು ಎರಡು ಸಾವಿರದ ಹತ್ತಿರ. ನುಡಿ, ಬ್ರೌಸರ್ ಎರಡೂ ಒಟ್ಟಿಗೆ ತೆರೆದಿದ್ದರೆ ಮೊದಲು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಿಗುತ್ತಿತ್ತು. ಅದು ತಪ್ಪಿತು.

ಬ್ಯಾಟರಿ ನಾಲ್ಕನೇ ವರ್ಷಕ್ಕೆ ಸತ್ತಿತು. ಅಸಲಿ ಸಿಗಲಿಲ್ಲ. ಒಂದು ಅಂಗಡಿಯಲ್ಲಿ "ಕಂಪ್ಯಾಟಿಬಲ್" ಅಂತ 1,400ಕ್ಕೆ ಕೊಟ್ಟರು. ಎಂಟು ತಿಂಗಳು ಬಂತು. ಆಮೇಲೆ 40 ಪರ್ಸೆಂಟ್ ಇದೆ ಅಂತ ತೋರಿಸುತ್ತಲೇ ದೀಪ ಊದಿದ ಹಾಗೆ ಆರಿಹೋಗುತ್ತಿತ್ತು. ಕೊನೆಗೆ ಮೊಬೈಲ್ ರಿಪೇರಿಯವನೊಬ್ಬ ಹಳೇ ಪೆಟ್ಟಿಗೆ ಬಿಚ್ಚಿ ಒಳಗೆ ಹೊಸ ಸೆಲ್ಲು ಹಾಕಿಕೊಟ್ಟ. ಒಳಗಿರುವುದು 18650 ಅನ್ನುವ ಉರುಟು ಸೆಲ್ಲು, ದೊಡ್ಡ ಟಾರ್ಚುಗಳಲ್ಲಿ ಬರುತ್ತದಲ್ಲ ಅದೇ. ಈಗ ಮೂರು ಗಂಟೆ ಬರುತ್ತದೆ. ಇದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಲಿಥಿಯಂ ಸೆಲ್ಲಿಗೆ ಬೆಸುಗೆ ಹಾಕುವುದು ಗೊತ್ತಿಲ್ಲದವರು ಕೈ ಹಾಕಿದರೆ ಬೆಂಕಿ ಹತ್ತಬಹುದು.

2019ರಲ್ಲಿ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನೋಕೆ ಶುರು ಮಾಡಿತು. ಹಲ್ಲಿ ಲೊಚಗುಟ್ಟಿದ ಹಾಗೆ. ಫೈಲೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು, 120 ಜಿಬಿಯ ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕು, ಹಾಕಿಸಿದೆ. ಅದಕ್ಕೆ ಕೀಬೋರ್ಡ್ ಎತ್ತಬೇಕು, ಕೆಳಗೆ ಕೂತಿರುತ್ತದೆ ಡಿಸ್ಕು. ಎತ್ತಿದಾಗ ಸಣ್ಣ ಇರುವೆಗಳ ಸಂಸಾರವೊಂದು ಮೊಟ್ಟೆ ಸಮೇತ ಬಿಡಾರ ಹೂಡಿತ್ತು. ಚಿಪ್ಪಿನ ಬೆಚ್ಚನೆ ಜಾಗ, ಮಳೆಗಾಲ, ಅವಕ್ಕೇನು ಬೇಕು. ಎಸ್‌ಎಸ್‌ಡಿ ಹಾಕಿದ ಮೇಲೆ ಎರಡೂವರೆ ನಿಮಿಷ ತಗೊಳ್ಳುತ್ತಿದ್ದದ್ದು ಮುಕ್ಕಾಲು ನಿಮಿಷಕ್ಕೆ ಎದ್ದು ಕೂರುತ್ತಿದೆ. ಹಳೇ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುತ್ತೀರಿ ಅಂದರೆ ಇದನ್ನು ಮಾಡಿ.

2020ರ ಜನವರಿ 14ಕ್ಕೆ ವಿಂಡೋಸ್ 7ನ್ನೂ ಮೈಕ್ರೋಸಾಫ್ಟ್ ಕೈಬಿಟ್ಟಿತು. ತಂಗಿಯ ಮಗ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟ, ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಮುಖದ ಜೊತೆಗೆ. ಕನ್ನಡ ಏನು ಗತಿ ಅಂತ ಹೆದರಿದ್ದೆ. ಅದರಲ್ಲಿ ಕಗಪ ವಿನ್ಯಾಸ ಮೊದಲೇ ಇದೆ, ಆಯ್ಕೆ ಮಾಡಿಕೊಂಡರೆ ಆಯಿತು. ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ವಾಲ್‌ಪೇಪರ್ ಬದಲಿಸೋಕೂ ಬರುತ್ತದೆ! ನಾಯಿ ಅಷ್ಟೊತ್ತಿಗೆ ತೀರಿಕೊಂಡಿತ್ತು. ಮಗಳು ಕಾಲೇಜಿಂದ ರಜೆಗೆ ಬಂದಾಗ ಹಳೇ ಫೋಟೋ ಹುಡುಕಿ ಹಾಕಿದಳು. ಈಗಲೂ ಅದೇ ಇದೆ.

ಬರೆಯುವುದಕ್ಕೆ, ಈಮೇಲಿಗೆ, ಲೆಕ್ಕಕ್ಕೆ ಈಗಲೂ ಏನೂ ತೊಂದರೆ ಇಲ್ಲ. ವೆಬ್‌ಸೈಟ್ ಅಂದರೆ ಮಾತ್ರ ಕಷ್ಟ. ಒಂದು ಸುದ್ದಿ ಸೈಟ್ ತೆರೆದರೆ ಫ್ಯಾನು ಅಕ್ಕಿ ಗಿರಣಿಯ ಹಾಗೆ ಶುರುವಾಗುತ್ತದೆ. ಎರಡನೇ ಟ್ಯಾಬ್ ತೆರೆದರೆ ಮೌಸ್ ನಿಂತೇ ಹೋಗುತ್ತದೆ. ಯಂತ್ರ ಮುದಿಯಾಗಿದ್ದು ಅರ್ಧ, ಪುಟಗಳು ದಪ್ಪ ಆಗಿದ್ದು ಇನ್ನರ್ಧ.

ಸೋಮವಾರ ಬೆಳಿಗ್ಗೆ ಹುಡುಗ ತಂದ ನೆಟ್‌ಬುಕ್ ಶುರು ಮಾಡಿ ನೋಡಿದೆ. ವಿಂಡೋಸ್ ಎಕ್ಸ್‌ಪಿ. ಅದರ ಆಯಸ್ಸು 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಚಿಪ್ಪು ಆಟಮ್ ಎನ್270, 2008ರ ತಳಿ. ನನ್ನದಕ್ಕಿಂತ ಒಂದು ತಲೆಮಾರು ಹಿಂದಿನದು. ಈ ಎನ್270 ವಿಚಿತ್ರ. ಚಿಪ್ಪು ತಾನು ತಿನ್ನುವುದು ಬರೀ 2.5 ವ್ಯಾಟ್. ಆದರೆ ಜೊತೆಗೆ ಕೂರಿಸಿದ ಹಳೇ ಚಿಪ್‌ಸೆಟ್, ಅಂದರೆ ಸಹಾಯಕ ಚಿಪ್ಪುಗಳ ಗುಂಪು, ಅದರ ಎರಡರಷ್ಟಕ್ಕಿಂತ ಜಾಸ್ತಿ ತಿನ್ನುತ್ತದೆ. ಮದುಮಗನಿಗಿಂತ ದಿಬ್ಬಣದವರ ಊಟವೇ ಜಾಸ್ತಿ ಅಂತಾರಲ್ಲ, ಹಾಗೆ.

ಅದಕ್ಕಿಂತ ಮುಖ್ಯ, ಎನ್270 32 ಬಿಟ್ ಚಿಪ್, ಅಂದರೆ ಒಂದೇ ಸಲಕ್ಕೆ ಸಣ್ಣ ತುತ್ತು ನುಂಗುವ ಹಳೇ ನಮೂನೆ. ನನ್ನ ಎನ್450 64 ಬಿಟ್. ಕೊಂಡಾಗ ಇದು ಯಾವ ಲೆಕ್ಕಕ್ಕೂ ಬರಲಿಲ್ಲ, ಸ್ಟಾರ್ಟರ್ ಹೇಗೂ 32 ಬಿಟ್ಟಿನದೇ. ಈಗ ಜೀವನ್ಮರಣದ ಪ್ರಶ್ನೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ಬಡವರ ಪಾಲಿಗೆ ಕೊನೇ ಬಾಗಿಲು ಅಂತ ಇದ್ದದ್ದೂ ಮುಚ್ಚುತ್ತಾ ಬಂತು. ಹಳೇ ನೆಟ್‌ಬುಕ್ ಕೊಳ್ಳುವವರು ಮೊದಲು ಕೇಳಬೇಕಾದ್ದು ಎನ್270ನೋ ಎನ್450ನೋ ಅಂತ.

ಬ್ಯಾಟರಿ ಇಪ್ಪತ್ತು ನಿಮಿಷ ಬಂತು.

ಸಂಜೆ ಹುಡುಗ ಬಂದ. ಯಾಕೆ ಬೇಕು ಇದು ಅಂತ ಕೇಳಿದೆ. ಬಿ.ಕಾಂ ಎರಡನೇ ವರ್ಷ ಅವನು. ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕು, ಆನ್‌ಲೈನ್ ಕ್ಲಾಸು ನೋಡಬೇಕು, ಪ್ರಾಜೆಕ್ಟ್ ಮಾಡಬೇಕು. ಮೂರರಲ್ಲಿ ಎರಡು ಕೆಲಸ ಬ್ರೌಸರಿನದ್ದು. ಎಕ್ಸ್‌ಪಿಯಲ್ಲಿ ಇವತ್ತಿನ ಸೈಟುಗಳು ಹೆಚ್ಚಿನವು ತೆರೆಯುವುದೇ ಇಲ್ಲ. ಬೇಡ ಅಂದೆ.

"ಹಾಗಾದ್ರೆ ಹೊಸದೇ ಅಗ್ಗದ್ದು ತಗೊಳ್ಲಾ? ಆನ್‌ಲೈನಲ್ಲಿ 20 ಸಾವಿರದ ಒಳಗೆ ಬರತ್ತೆ. 4 ಜಿಬಿ ರ‍್ಯಾಮು, 64 ಜಿಬಿ ಸ್ಟೋರೇಜು."

ಅದೇ ಹಳೇ ಅಂಗಿ, ಹೊಸ ದರ್ಜಿ. ವಿಂಡೋಸ್ 11 ಓಡೋಕೆ ಕನಿಷ್ಠ ಇರಬೇಕಾದ್ದು ಅಂತ ಮೈಕ್ರೋಸಾಫ್ಟ್ ಹೇಳುವುದೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಂದರೆ ಹೊಸ್ತಿಲ ಮೇಲೆ ಹುಟ್ಟಿದ ಯಂತ್ರ. ಎರಡು ದೊಡ್ಡ ಅಪ್‌ಡೇಟ್ ಬಂದರೆ ಜಾಗ ಸಾಲದು ಅಂತ ಅಳುತ್ತದೆ. ನನ್ನದರಲ್ಲಾದರೆ ರ‍್ಯಾಮ್ ಬದಲಿಸಿದೆ, ಡಿಸ್ಕ್ ಬದಲಿಸಿದೆ, ಬ್ಯಾಟರಿಯನ್ನು ಕೈಯಲ್ಲೇ ಕಳಚಬಹುದು. ಈಗಿನ ಈ ಅಗ್ಗದವುಗಳಲ್ಲಿ ಹೆಚ್ಚಿನವಕ್ಕೆ ರ‍್ಯಾಮು, ಸ್ಟೋರೇಜು ಎರಡನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಒಂದು ಒಳ್ಳೆಯದು, ಸ್ಕ್ರೀನ್ 1366ಕ್ಕೆ 768. ‘ನೆಕ್ಸ್ಟ್’ ಬಟನ್ ಕಾಣುತ್ತದೆ.

ಅದೇ ದುಡ್ಡಿಗೆ ಯಾವುದಾದರೂ ಕಂಪನಿ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್ ನೋಡು, 8 ಜಿಬಿ ಇರಲಿ, ರ‍್ಯಾಮ್ ಮತ್ತು ಡಿಸ್ಕ್ ಬದಲಿಸೋಕೆ ಬರುತ್ತಾ ಅಂತ ಕೇಳು, ಬಲ ಶಿಫ್ಟ್ ಉದ್ದ ಇರಲಿ ಅಂದೆ. ಕೊನೆಯದಕ್ಕೆ ಅವನು ನಕ್ಕ. ನಗಲಿ.

ಅವನು ಚೀಲಕ್ಕೆ ಹಾಕಿಕೊಳ್ಳುವ ಮೊದಲು ನಾನು ಸುಮ್ನೆ ಅಂತ ಆ ಕಪ್ಪು ನೆಟ್‌ಬುಕ್ಕಿನಲ್ಲಿ ನೋಟ್‌ಪ್ಯಾಡ್ ತೆರೆದೆ. ಯಾರೋ ನುಡಿ ಹಾಕಿಟ್ಟಿದ್ದರು. ಬಲ ಶಿಫ್ಟ್ ನೋಡಿದೆ. ಎರಡು ಬೆರಳಗಲ ಇತ್ತು, ಇರಬೇಕಾದ ಜಾಗದಲ್ಲೇ ಇತ್ತು, ಬಾಣ ಅದರ ಕೆಳಗೆ ತನ್ನ ಪಾಡಿಗೆ ಕೂತಿತ್ತು. ಸ್ಕ್ರೀನ್ ನೋಡದೆ ಹೊಡೆದೆ: ಮಂಗಳವಾರ ಗ್ರಾಮಸಭೆ ನಡೆಯಿತು. ಅಧ್ಯಕ್ಷರು ಭಾಷಣ ಮಾಡಿದರು. ಧಾರಣೆ ಕುಸಿತದ ಬಗ್ಗೆ ಘೋಷಣೆ ಕೂಗಿದರು.

ತಲೆ ಎತ್ತಿ ನೋಡಿದೆ. ಒಂದೂ ಹಾರಿರಲಿಲ್ಲ.

"2,000ಕ್ಕೆ ಕೊಡ್ತಾರಾ ಕೇಳು" ಅಂದೆ.

"ಬೇಡ ಅಂದ್ರಲ್ಲ ಮಾವ?"

"ನಿಂಗೆ ಬೇಡ ಅಂದೆ."